ಐಹೊಳೆಯ ಮೇಗುಟಿ ಜಿನಾಲಯ ಮತ್ತು ಅದರ ನಿರ್ಮಾತೃ ರವಿಕೀರ್ತಿ

ಜಿನಬಿಂಬ ಪ್ರತಿಷ್ಠೆಯ ಮಂಗಲ ಸಂದರ್ಭದಲ್ಲಿ ಶ್ರಾವಕ ಶ್ರಾವಿಕೆಯರ ನಾಲಗೆಯ ಮೇಲೆ ನೂರು ಬಾರಿ ಸುಳಿಯುವ ಮಾತು ‘ಬಸದಿ’. ಪ್ರತಿದಿನ ಬಳಸುವ ಮಾತಾದುದರಿಂದಲೇ ಅದರ ಮೂಲವನ್ನು ಕುರಿತು ಚಿಂತಿಸುವವರು ವಿರಳ. ಸಂಸ್ಕೃತದ ‘ವಸತಿ’ ಎಂಬ ಶಬ್ದವೇ ಕನ್ನಡಿಗರ ಉಚ್ಚಾರಣೆಯಲ್ಲಿ ವಕಾರವು ಬಕಾರವಾಗಿ, ತಕಾರವು ದಕಾರವಾಗಿ ‘ಬಸದಿ’ ಎಂದಾಯಿತು. ಮುಂದೆ ಜನರ ಆಡುಮಾತಿನಲ್ಲಿ ‘ಬಸ್ತಿ’ ಎಂದೂ ಆಯಿತು. ವಸತಿ ಎಂದರೆ ವಾಸದ ಸ್ಥಾನ, ಮನೆ. ಮನೆಮಠಗಳನ್ನು ತೊರೆದು ದಿಗಂಬರನಾಗಿ ನಡೆದ ಜಿನನಿಗೆ ಭಕ್ತರು ಕಟ್ಟಿಕೊಟ್ಟ ಮನೆಯೇ ಬಸದಿ.

ಇಂತಹ ಮನೆಗಳು ಕನ್ನಡನಾಡಿನಲ್ಲಿ ಸಾವಿರಾರು ಇದ್ದವು, ಇಂದಿಗೂ ನೂರಾರು ಇವೆ. ಅವುಗಳಲ್ಲಿ ಕಟ್ಟಿದ ವರ್ಷ ಯಾವುದು, ಕಟ್ಟಿಸಿದವನು ಯಾರು ಎಂಬುದು ಗೋಡೆಯ ಮೇಲೆಯೇ ಸ್ಪಷ್ಟವಾಗಿ ಬರೆದಿರುವ ಅತಿ ಪ್ರಾಚೀನವಾದ ಶಿಲಾಮಂದಿರವೆಂದರೆ ಐಹೊಳೆಯ ಮೇಗುಟಿ ಜಿನಾಲಯ. ಶಕವರ್ಷ ೫೫೬, ಅಂದರೆ ಕ್ರಿ.ಶ. ೬೩೪-೩೫ರಲ್ಲಿ ಇದು ಪೂರ್ಣಗೊಂಡಿತು. ಕಟ್ಟಿಸಿದವನು ಕವಿ ರವಿಕೀರ್ತಿ. ಸುಮಾರು ಹದಿನಾಲ್ಕು ಶತಮಾನಗಳ ಹಿಂದೆ ಎದ್ದುನಿಂತ ಈ ಕಲ್ಲಿನ ಮನೆಯ ವೃತ್ತಾಂತವು ಹೊಸ ಬಸದಿಯ ಬಾಗಿಲು ತೆರೆಯುವ ಸಮಯದಲ್ಲಿ ಸ್ಮರಣೀಯವಾದುದಾಗಿದೆ.

ಆರ್ಯಪುರದ ಬೆಟ್ಟ

ಮಲಪ್ರಭಾ ನದಿಯ ದಡದಲ್ಲಿರುವ ಐಹೊಳೆಯು ಹಿಂದೆ ಅವಿಭಜಿತ ವಿಜಾಪುರ ಜಿಲ್ಲೆಗೆ ಸೇರಿತ್ತು; ೧೯೯೭ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಚಾಲುಕ್ಯರ ರಾಜಧಾನಿಯಾಗಿದ್ದ ವಾತಾಪಿ, ಅಂದರೆ ಇಂದಿನ ಬಾದಾಮಿಯಿಂದ ಇದು ಸುಮಾರು ೩೫ ಕಿಲೋಮೀಟರು ದೂರದಲ್ಲಿದೆ. ಶಾಸನಗಳಲ್ಲಿ ಆರ್ಯಪುರ ಎಂದೂ ಅಯ್ಯಾವೊಳೆ ಎಂದೂ ಕರೆಯಲ್ಪಟ್ಟಿರುವ ಈ ಊರು, ಮುಂದಿನ ಶತಮಾನಗಳಲ್ಲಿ ದಕ್ಷಿಣಭಾರತದಾದ್ಯಂತ ಹೆಸರಾಂತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘದ ಮೂಲಸ್ಥಾನವೆಂಬ ಕೀರ್ತಿಗೆ ಪಾತ್ರವಾಯಿತು. ಊರಿನ ಒಳಗೂ ಹೊರಗೂ ನೂರಕ್ಕೂ ಮೇಲ್ಪಟ್ಟು ಪ್ರಾಚೀನ ಗುಡಿಗಳಿವೆ. ಊರಿನ ಆಗ್ನೇಯಕ್ಕೆ ಏರಿದರೆ ಚಪ್ಪಟೆ ತಲೆಯ ಒಂದು ಬೆಟ್ಟ. ಬೆಟ್ಟದ ತಲೆಯನ್ನು ಬಳಸಿ ಹಳೆಯ ಕೋಟೆಯ ಗೋಡೆ. ಅದರೊಳಗೆ ಏಕಾಂಗಿಯಾಗಿ ನಿಂತಿರುವುದೇ ಮೇಗುಟಿ. ‘ಮೇಲಿನ ಗುಡಿ’ ಎಂಬುದು ಮೇಗುಡಿಯಾಗಿ, ಮೇಗುಟಿಯಾಗಿ ನಿಂತಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಐಹೊಳೆಯ ಅನೇಕ ಗುಡಿಗಳಿಗೆ ಈಗ ರೂಢಿಯಲ್ಲಿರುವ ಹೆಸರುಗಳು ದೇವರ ಹೆಸರುಗಳಲ್ಲ. ಕಾಲಾಂತರದಲ್ಲಿ ಪೂಜೆ ನಿಂತ ಗುಡಿಗಳಲ್ಲಿ ಜನರು ಸಂಸಾರ ಹೂಡಿದರು, ದನಕರು ಕಟ್ಟಿದರು. ಹಾಗೆ ವಾಸವಾಗಿದ್ದವರ ಹೆಸರೇ ಗುಡಿಗೂ ಅಂಟಿಕೊಂಡಿತು. ಸುಪ್ರಸಿದ್ಧವಾದ ಲಾಡಖಾನ ಗುಡಿಯು ಇದಕ್ಕೆ ನಿದರ್ಶನ. ಮೇಗುಟಿಗೆ ಮಾತ್ರ ಅಂತಹ ಹೆಸರು ಬರಲಿಲ್ಲ. ಯಾವ ವ್ಯಕ್ತಿಯ ಹೆಸರನ್ನೂ ಹೊರದೆ, ತಾನು ನಿಂತ ಎತ್ತರವನ್ನೇ ಹೆಸರಾಗಿ ಹೊತ್ತು ಅದು ಉಳಿಯಿತು.

ಬೆಟ್ಟವಾದರೂ ರವಿಕೀರ್ತಿಯ ಕಾಲಕ್ಕೆ ಹೊಸದಾಗಿ ಮನುಷ್ಯನ ಕಣ್ಣಿಗೆ ಬಿದ್ದುದಲ್ಲ. ಜಿನಾಲಯದ ಹಿಂಬದಿಯ ಬಯಲಿನಲ್ಲಿ ಇತಿಹಾಸಪೂರ್ವ ಕಾಲದ ಕಲ್ಗೋರಿಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿದ ಈ ಬಗೆಯ ರಚನೆಗಳನ್ನು ಕನ್ನಡನಾಡಿನ ಹಲವು ಕಡೆ ಜನರು ‘ಮೋರೇರ ಮನೆ’ ಎಂದು ಕರೆಯುವುದುಂಟು. ಅದೇ ಬೆಟ್ಟದ ಪಾರ್ಶ್ವದಲ್ಲಿ ಬೌದ್ಧರದೆಂದು ಗುರುತಿಸಲಾಗಿರುವ ಎರಡು ಅಂತಸ್ತಿನ ಮಂದಿರವಿದೆ. ಆಗ್ನೇಯದ ಕಡೆ ಬಂಡೆಯನ್ನು ಕೊರೆದು ಮಾಡಿದ ಜೈನ ಗುಹಾಲಯವಿದೆ. ಆ ಗುಹೆಯ ಮುಖಮಂಟಪದ ಒಂದು ಬದಿಯಲ್ಲಿ ಫಣಿಮಂಡಿತನಾದ ಪಾರ್ಶ್ವನಾಥ ತೀರ್ಥಂಕರ, ಎದುರು ಬದಿಯಲ್ಲಿ ಬಳ್ಳಿಗಳು ಹಬ್ಬಿದ ಬಾಹುಬಲಿ. ಬಾಹುಬಲಿಯ ಇಕ್ಕೆಲಗಳಲ್ಲಿ ಬ್ರಾಹ್ಮೀ ಸುಂದರಿಯರು. ಶ್ರವಣಬೆಳಗೊಳದ ಮಹಾಮೂರ್ತಿಗಿಂತ ಶತಮಾನಗಳಷ್ಟು ಹಿಂದಿನದಾದ ಈ ಶಿಲ್ಪವು ಬಾಹುಬಲಿಯ ಅತಿ ಪ್ರಾಚೀನ ಮೂರ್ತಿಗಳ ಸಾಲಿಗೆ ಸೇರುತ್ತದೆ. ಹೀಗೆ ಸತ್ತವರಿಗಾಗಿ ನಿಲ್ಲಿಸಿದ ಕಲ್ಲಿನ ಮನೆ, ಬಂಡೆಯನ್ನು ತೋಡಿ ಮಾಡಿದ ಗುಹೆ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಜಿನಭವನ, ಈ ಮೂರು ಘಟ್ಟಗಳೂ ಒಂದೇ ಬೆಟ್ಟದ ಮೇಲೆ ಕಾಣಸಿಗುತ್ತವೆ.

ಕಲ್ಲಿನ ಯುಗಾರಂಭ

ರವಿಕೀರ್ತಿಯು ತಾನು ಕಟ್ಟಿಸಿದ್ದು ‘ಶೈಲ’ವಾದ, ಎಂದರೆ ಕಲ್ಲಿನಿಂದಾದ ಜಿನೇಂದ್ರಭವನವೆಂದು ಶಾಸನದಲ್ಲಿ ಎತ್ತಿ ಹೇಳಿದ್ದಾನೆ. ಈ ವಿಶೇಷಣದ ಬೆಲೆ ಇಂದಿನವರಿಗೆ ಥಟ್ಟನೆ ಹೊಳೆಯಲಾರದು. ಗುಡಿ ಎಂದರೆ ಕಲ್ಲಿನದೇ ಎಂಬ ಭಾವನೆ ನಮ್ಮ ನಾಡಿನಲ್ಲಿ ಅಷ್ಟು ಬೇರೂರಿದೆ. ಏಳನೆಯ ಶತಮಾನದ ಆರಂಭದಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಚಾಲುಕ್ಯರಿಗೂ ಹಿಂದೆ ಬನವಾಸಿಯ ಕದಂಬರು ಜಿನಧರ್ಮಕ್ಕೆ ಆಶ್ರಯವಿತ್ತಿದ್ದರು. ಕದಂಬ ಮೃಗೇಶವರ್ಮನು ತನ್ನ ತಂದೆಯ ಸ್ಮರಣೆಗಾಗಿ ಪಲಾಶಿಕೆಯಲ್ಲಿ, ಅಂದರೆ ಇಂದಿನ ಹಲಸಿಯಲ್ಲಿ, ಜಿನಾಲಯವನ್ನು ಕಟ್ಟಿಸಿದ ಸಂಗತಿ ತಾಮ್ರಶಾಸನದಿಂದ ತಿಳಿದುಬರುತ್ತದೆ. ಆ ಕಾಲದ ಕಟ್ಟಡಗಳು ಬಹುಮಟ್ಟಿಗೆ ಮರ, ಇಟ್ಟಿಗೆ, ಗಾರೆಗಳವು. ತಾಮ್ರದ ಹಲಗೆ ಉಳಿಯಿತು, ಮರದ ತೊಲೆ ಉಳಿಯಲಿಲ್ಲ.

ಕಲ್ಲಿನಲ್ಲಿ ದೇವರ ಮನೆ ಮಾಡುವುದು ಆಗ ಒಂದು ಹೊಸ ಸಾಹಸವಾಗಿತ್ತು ಎಂಬುದಕ್ಕೆ ಆಧಾರಗಳಿವೆ. ಕೀರ್ತಿವರ್ಮನ ಕಾಲದಲ್ಲಿ, ಶಕವರ್ಷ ೫೦೦ರಲ್ಲಿ (ಕ್ರಿ.ಶ. ೫೭೮), ಬಾದಾಮಿಯ ಮೂರನೆಯ ಗುಹಾಲಯವು ಪೂರ್ಣವಾಯಿತು. ತಮಿಳುನಾಡಿನಲ್ಲಿ ಪಲ್ಲವ ಮಹೇಂದ್ರವರ್ಮನು ಮಂಡಗಪಟ್ಟು ಎಂಬಲ್ಲಿ ಗುಹಾಲಯವನ್ನು ಕೊರೆಸಿ, ಇಟ್ಟಿಗೆ, ಮರ, ಲೋಹ, ಗಾರೆ ಯಾವುದೂ ಇಲ್ಲದೆ ಇದನ್ನು ಮಾಡಿಸಿದೆನೆಂದು ಶಾಸನದಲ್ಲಿ ಹೆಮ್ಮೆಯಿಂದ ಹೇಳಿಕೊಂಡನು. ಈ ಮಹೇಂದ್ರವರ್ಮನು ರವಿಕೀರ್ತಿಯ ಕಾಲದವನೇ. ಆದರೆ ಗುಹೆಯನ್ನು ಕೊರೆಯುವುದು ಇದ್ದ ಕಲ್ಲನ್ನು ತೆಗೆಯುವ ಕೆಲಸ. ಗುಡಿಯನ್ನು ಕಟ್ಟುವುದು ಕಲ್ಲನ್ನು ತಂದು, ಒಪ್ಪವಿಟ್ಟು, ಒಂದರ ಮೇಲೊಂದು ಕೂಡಿಸುವ ಕೆಲಸ. ಭಾರ ಎಲ್ಲಿ ಬೀಳುತ್ತದೆ, ಗೋಡೆ ಎಷ್ಟು ತಾಳುತ್ತದೆ, ಮೇಲ್ಛಾವಣಿಯ ಚಪ್ಪಡಿ ಎಷ್ಟು ಉದ್ದ ಚಾಚಬಹುದು ಎಂಬುದನ್ನೆಲ್ಲ ಶಿಲ್ಪಿಗಳು ಮಾಡಿಮಾಡಿಯೇ ಕಲಿಯಬೇಕಾಗಿತ್ತು. ಅಂತಹ ಕಲಿಕೆಯ ಕಾಲದಲ್ಲಿ ಮೂಡಿದ ಕಟ್ಟಡಗಳಲ್ಲಿ ಕಾಲನಿರ್ದೇಶವುಳ್ಳದ್ದು ಮೇಗುಟಿ. ಆದುದರಿಂದಲೇ ಐಹೊಳೆ, ಬಾದಾಮಿ, ಮಹಾಕೂಟಗಳ ಉಳಿದ ಗುಡಿಗಳ ಕಾಲವನ್ನು ನಿರ್ಣಯಿಸುವಾಗ ವಿದ್ವಾಂಸರು ಮೇಗುಟಿಯನ್ನು ಅಳತೆಗೋಲಾಗಿ ಹಿಡಿಯುತ್ತಾರೆ. ಯಾವ ಗುಡಿ ಹಿಂದಿನದು, ಯಾವುದು ಮುಂದಿನದು ಎಂಬ ಚರ್ಚೆಗಳೆಲ್ಲ ಈ ಜಿನಾಲಯದ ಸುತ್ತ ಪ್ರದಕ್ಷಿಣೆ ಹಾಕುತ್ತವೆ ಎಂದರೆ ಅತಿಶಯೋಕ್ತಿಯಾಗದು.

ಕಟ್ಟಡದ ಸ್ವರೂಪ

ಮೇಗುಟಿಯು ಉತ್ತರಾಭಿಮುಖವಾದ ಜಿನಾಲಯ. ಪಟ್ಟಿಕೆಗಳಿಂದ ಕೂಡಿದ ಎತ್ತರವಾದ ಅಧಿಷ್ಠಾನದ ಮೇಲೆ ಇದನ್ನು ನಿಲ್ಲಿಸಲಾಗಿದೆ. ಹಿಂದೆ ಗರ್ಭಗೃಹ, ಅದರ ಸುತ್ತ ಪ್ರದಕ್ಷಿಣಾಪಥವಾಗಿದ್ದ ಓಣಿ, ಮುಂದೆ ಅಂತರಾಳ, ಅದಕ್ಕೆ ಹೊಂದಿಕೊಂಡು ಕಂಬಗಳ ಮಂಟಪ, ಇದು ಒಟ್ಟು ವಿನ್ಯಾಸ. ಮುಂಭಾಗದ ವಿಶಾಲವಾದ ಮಂಟಪವು ಅನಂತರ ವಿಸ್ತರಿಸಲ್ಪಟ್ಟುದೆಂದು ತಿಳಿಯಲಾಗಿದೆ. ಗರ್ಭಗೃಹದ ನೇರ ಮೇಲೆ ಇನ್ನೊಂದು ಗರ್ಭಗೃಹವಿರುವುದು ಈ ಬಸದಿಯ ವೈಶಿಷ್ಟ್ಯ. ಅಲ್ಲಿಗೆ ಏರಲು ಕಲ್ಲಿನ ಏಣಿಯಿದೆ. ಮೇಲಂತಸ್ತಿನ ಬಸದಿಗಳ ಪದ್ಧತಿ ಕರ್ನಾಟಕದ ಜೈನ ವಾಸ್ತುವಿನಲ್ಲಿ ಮುಂದೆ ಬೆಳೆದುಬಂದಿತು. ಚಂದ್ರಗಿರಿಯ ಚಾವುಂಡರಾಯ ಬಸದಿಯ ಮೇಲ್ಮನೆಯಲ್ಲಿಯೂ ಜಿನಬಿಂಬವಿರುವುದು ಸರ್ವವಿದಿತ. ಆ ಪದ್ಧತಿಯ ಪ್ರಾಚೀನ ರೂಪ ಇಲ್ಲಿದೆ.

ಗೋಡೆಗಳಿಗೆ ಬಳಸಿರುವುದು ಸ್ಥಳೀಯ ಮರಳುಗಲ್ಲು. ಐಹೊಳೆಯ ಇತರ ಕೆಲವು ಗುಡಿಗಳಲ್ಲಿ ಭಾರಿ ಗಾತ್ರದ ಬಂಡೆಗಳನ್ನು ಜೋಡಿಸಿದ್ದರೆ ಇಲ್ಲಿ ಕಲ್ಲುಗಳ ಗಾತ್ರ ಚಿಕ್ಕದಾಗಿದೆ, ಜೋಡಣೆ ಹೆಚ್ಚು ನಯವಾಗಿದೆ. ಹೊರಗೋಡೆಯನ್ನು ಅರೆಗಂಬಗಳಿಂದ ಭಾಗಮಾಡಿ ನಡುನಡುವೆ ಕೋಷ್ಠಗಳನ್ನು ಬಿಡಲಾಗಿದೆ. ಅಧಿಷ್ಠಾನದ ಮೇಲೆ ಅಲ್ಲಲ್ಲಿ ಕುಬ್ಜರು ಮೊದಲಾದವರ ಪುಟ್ಟ ಉಬ್ಬುಶಿಲ್ಪಗಳಿವೆ. ಆದರೆ ಕೋಷ್ಠಗಳಲ್ಲಿ ಮೂರ್ತಿಗಳಿಲ್ಲ. ಕೆಲವೆಡೆ ಕೆತ್ತನೆಗೆಂದು ಬಿಟ್ಟ ಕಲ್ಲು ಬಿಟ್ಟಂತೆಯೇ ಇದೆ. ಅಲಂಕಾರ ಮುಗಿಯುವ ಮುನ್ನವೇ ಉಳಿ ನಿಂತಿತೆಂಬುದು ಸ್ಪಷ್ಟ. ಮೇಲಿನ ಶಿಖರವೂ ಈಗ ಉಳಿದಿಲ್ಲ.

ಒಳಗಿನ ಪದ್ಮಾಸನಸ್ಥ ಜಿನಬಿಂಬವು ಭಗ್ನವಾಗಿದೆ. ಬಸದಿಗೆ ಸೇರಿದ್ದ ಅಂಬಿಕಾ ಯಕ್ಷಿಯ ಮೂರ್ತಿಯನ್ನು ಐಹೊಳೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಮರದ ಕೆಳಗೆ ಸುಖಾಸನದಲ್ಲಿ ಕುಳಿತ ದೇವಿ, ಸುತ್ತ ಪರಿಚಾರಿಕೆಯರು, ಬಳಿಯಲ್ಲಿ ವಾಹನವಾದ ಸಿಂಹ. ಅಂಗಗಳು ಸವೆದು ಮುರಿದಿದ್ದರೂ ಆ ಮೂರ್ತಿಯ ಸಹಜವಾದ ಬಾಗು, ಬಳುಕು, ಮುಖದ ಪ್ರಸನ್ನತೆ ನೋಡಿದವರ ಮನಸ್ಸಿನಿಂದ ಮಾಸುವುದಿಲ್ಲ. ಕನ್ನಡನಾಡಿನ ಯಕ್ಷಿಯರ ಮೂರ್ತಿಗಳಲ್ಲಿ ಇದು ಅತ್ಯಂತ ಹಳೆಯವುಗಳ ಪಂಕ್ತಿಗೆ ಸೇರಿದುದು. ಬರಿದಾದ ಕೋಷ್ಠಗಳನ್ನು ಕಂಡು ರವಿಕೀರ್ತಿಯ ಶಿಲ್ಪಿಗಳ ಸಾಮರ್ಥ್ಯವನ್ನು ಅಳೆಯಬಾರದು. ಈ ಅಂಬಿಕೆಯನ್ನು ಕಂಡು ಅಳೆಯಬೇಕು.

ಗೋಡೆಯ ಮೇಲಿನ ಕಾವ್ಯ

ಮೇಗುಟಿಯ ಕೀರ್ತಿಯನ್ನು ದೇಶಾಂತರಗಳಿಗೆ ಹಬ್ಬಿಸಿದುದು ಅದರ ಪೂರ್ವದ ಹೊರಗೋಡೆಯ ಮೇಲಿರುವ ಶಾಸನ. ಸಂಸ್ಕೃತಭಾಷೆ, ಹಳಗನ್ನಡ ಲಿಪಿ. ಒಟ್ಟು ೧೯ ಸಾಲುಗಳು, ೩೭ ಪದ್ಯಗಳು. ಫ್ಲೀಟ್ ವಿದ್ವಾಂಸರು ೧೮೭೬ರಲ್ಲಿ ಇದನ್ನು ಪ್ರಕಟಿಸಿದರು. ೧೮೭೯ರಲ್ಲಿ ಮತ್ತೆ ಪರಿಷ್ಕರಿಸಿದರು. ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಜರ್ಮನಿಯ ಕೀಲ್‌ಹಾರ್ನ್ ವಿದ್ವಾಂಸರು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಇದರ ಶುದ್ಧಪಾಠವನ್ನು ಸಿದ್ಧಪಡಿಸಿಕೊಟ್ಟರು. ಅಂದಿನಿಂದ ಭಾರತದ ಇತಿಹಾಸವನ್ನು ಬರೆಯುವ ಯಾರೂ ಈ ಗೋಡೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಶಾಸನವು ಜಿನೇಂದ್ರನ ಜಯಕಾರದಿಂದ ಮೊದಲಾಗುತ್ತದೆ. ಆತನ ಜ್ಞಾನವೆಂಬ ಸಮುದ್ರದಲ್ಲಿ ಈ ಜಗತ್ತೆಲ್ಲ ಒಂದು ದ್ವೀಪದಂತಿದೆ ಎಂಬುದು ಕವಿಯ ಕಲ್ಪನೆ. ಆಮೇಲೆ ಬರುವುದು ಚಾಲುಕ್ಯವಂಶವೆಂಬ ಸಮುದ್ರದ ವರ್ಣನೆ. ಜಯಸಿಂಹ, ರಣರಾಗ, ವಾತಾಪಿಯನ್ನು ನೆಲೆಯಾಗಿಸಿಕೊಂಡ ಒಂದನೆಯ ಪುಲಕೇಶಿ, ನಳ, ಮೌರ್ಯ, ಕದಂಬರನ್ನು ಮುರಿದ ಕೀರ್ತಿವರ್ಮ, ಕಳಚುರಿಗಳನ್ನು ಗೆದ್ದ ಮಂಗಲೇಶ ಇವರನ್ನು ಕ್ರಮವಾಗಿ ಹೇಳಿ ಕವಿಯು ತನ್ನ ಪ್ರಭುವಾದ ಸತ್ಯಾಶ್ರಯ ಇಮ್ಮಡಿ ಪುಲಕೇಶಿಯ ಬಳಿಗೆ ಬರುತ್ತಾನೆ. ಮಂಗಲೇಶನು ಅಣ್ಣನ ಮಗನಾದ ಪುಲಕೇಶಿಯನ್ನು ಬದಿಗೊತ್ತಿ ತನ್ನ ಮಗನಿಗೇ ರಾಜ್ಯವನ್ನು ಉಳಿಸಲು ಯತ್ನಿಸಿದುದು, ಆ ಯತ್ನದೊಡನೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡುದು ಇದರಲ್ಲಿ ಮುಚ್ಚುಮರೆಯಿಲ್ಲದೆ ಬಂದಿದೆ. ಮನೆತನದ ಒಳಜಗಳವನ್ನು ರಾಜನ ಪ್ರಶಸ್ತಿಯಲ್ಲಿಯೇ ಹೇಳಿದುದು ಕವಿಯ ದಿಟ್ಟತನಕ್ಕೆ ಸಾಕ್ಷಿ.

ಅನಂತರ ದಿಗ್ವಿಜಯದ ಪರಂಪರೆ. ಭೀಮಾನದಿಯ ಉತ್ತರದಿಂದ ಏರಿಬಂದ ಆಪ್ಪಾಯಿಕ, ಗೋವಿಂದರಲ್ಲಿ ಒಬ್ಬನು ಭಯವನ್ನುಂಡನು, ಇನ್ನೊಬ್ಬನು ಸ್ನೇಹಿತನಾದನು. ವರದಾನದಿಯ ಹಂಸಮಾಲೆಯನ್ನೇ ಮೇಖಲೆಯಾಗಿ ಧರಿಸಿದ ವನವಾಸಿಯು ಮುತ್ತಿಗೆಗೊಳಗಾಯಿತು. ಗಂಗರೂ ಆಳುಪರೂ ಅಧೀನರಾದರು. ಪಶ್ಚಿಮಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮದಗಜಗಳಂತಹ ನೂರಾರು ನಾವೆಗಳು ಸುತ್ತುವರಿದುವು. ಲಾಟ, ಮಾಳವ, ಗುರ್ಜರರು ಮಣಿದರು. ಉತ್ತರಾಪಥದ ಚಕ್ರವರ್ತಿಯಾದ ಹರ್ಷನ ಹರ್ಷವು ಭಯದಿಂದ ಕರಗಿತೆಂದು ಕವಿಯು ಆತನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿದ್ದಾನೆ. ೯೯,೦೦೦ ಗ್ರಾಮಗಳ ಮೂರು ಮಹಾರಾಷ್ಟ್ರಕಗಳ ಒಡೆತನ, ಕೋಸಲ ಕಳಿಂಗಗಳ ಶರಣಾಗತಿ, ಪಿಷ್ಟಪುರದ ಪತನ, ಕಾಂಚೀಪುರದ ಕೋಟೆಯ ಹಿಂದೆ ಅಡಗಬೇಕಾದ ಪಲ್ಲವರಾಜ, ಆನೆಗಳ ಸೇತುವೆಯಿಂದ ಹರಿವು ತಡೆಹಿಡಿಯಲ್ಪಟ್ಟ ಕಾವೇರಿ, ಇವೆಲ್ಲ ಒಂದರ ಹಿಂದೊಂದು ಬರುತ್ತವೆ.

ಇದು ಬರಿಯ ಹೊಗಳಿಕೆಯಲ್ಲವೆಂಬುದನ್ನು ಅನ್ಯ ಆಧಾರಗಳೂ ಸಮರ್ಥಿಸಿವೆ. ಸುಮಾರು ೬೪೧ರಲ್ಲಿ ಚಾಲುಕ್ಯರಾಜ್ಯಕ್ಕೆ ಬಂದ ಚೀನಾದೇಶದ ಯಾತ್ರಿಕ ಹ್ಯೂಯೆನ್‌ತ್ಸಾಂಗನು, ಹರ್ಷನಿಗೆ ಈ ರಾಜನನ್ನು ಗೆಲ್ಲಲಾಗಲಿಲ್ಲವೆಂದು ಬರೆದಿಟ್ಟಿದ್ದಾನೆ. ಈ ಶತಮಾನದಲ್ಲಿ ಬೆಳಕಿಗೆ ಬಂದ ಕ್ರಿ.ಶ. ೬೧೯ರ ತಾಮ್ರಶಾಸನವೊಂದರಲ್ಲಿಯೂ ಹರ್ಷನ ಮೇಲಣ ವಿಜಯದ ಉಲ್ಲೇಖವಿದ್ದು, ಆ ಯುದ್ಧವು ಹಿಂದೆ ಹಲವರು ಊಹಿಸಿದ್ದಕ್ಕಿಂತ ಮೊದಲೇ ನಡೆಯಿತೆಂಬ ಅಭಿಪ್ರಾಯಕ್ಕೆ ಎಡೆಯಾಗಿದೆ. ಆದರೂ ಆ ಯುಗದ ರಾಜಕೀಯವನ್ನು ಆದ್ಯಂತವಾಗಿ, ಕ್ರಮಬದ್ಧವಾಗಿ ಹೇಳುವ ದಾಖಲೆ ಮೇಗುಟಿಯದೊಂದೇ.

ಕಾಲಗಣನೆಯಲ್ಲಿಯೂ ಈ ಶಾಸನ ಅಪೂರ್ವವಾದುದು. ಭಾರತಯುದ್ಧದಿಂದ ಕಳೆದ ವರ್ಷಗಳು ೩,೭೩೫, ಶಕರಾಜರ ಕಾಲದಿಂದ ಕಳೆದ ವರ್ಷಗಳು ೫೫೬ ಎಂದು ಎರಡು ಗಣನೆಗಳನ್ನೂ ರವಿಕೀರ್ತಿಯು ಕೊಟ್ಟಿದ್ದಾನೆ. ಎರಡೂ ಒಂದೇ ವರ್ಷಕ್ಕೆ ಬಂದು ಕೂಡುತ್ತವೆ. ಒಂದು ಗಣನೆ ಮರೆತುಹೋದರೂ ಇನ್ನೊಂದರಿಂದ ಮುಂದಿನವರು ವರ್ಷವನ್ನು ತಿಳಿಯಲಿ ಎಂಬ ಮುಂದಾಲೋಚನೆಯೋ ಎಂಬಂತಿದೆ ಈ ಎಚ್ಚರಿಕೆ.

ರವಿಕೀರ್ತಿಯ ಹಿರಿಮೆ

ಶಾಸನದ ಕೊನೆಯ ಪದ್ಯಗಳಲ್ಲಿ ಕವಿಯು ತನ್ನನ್ನು ಕುರಿತು ಹೇಳಿಕೊಂಡಿರುವುದು ಅತ್ಯಲ್ಪ. ಮೂರು ಸಮುದ್ರಗಳಿಂದ ತಡೆಯಲ್ಪಡುವಷ್ಟು ವಿಸ್ತಾರವಾದ ಆಜ್ಞೆಯುಳ್ಳ ಸತ್ಯಾಶ್ರಯನ ಪರಮಪ್ರಸಾದವನ್ನು ಪಡೆದವನು. ಈ ಜಿನಭವನವನ್ನು ಕಟ್ಟಿಸಿದವನು. ಈ ಪ್ರಶಸ್ತಿಯನ್ನು ರಚಿಸಿದವನು. ಕಾವ್ಯದಲ್ಲಿ ಕಾಳಿದಾಸ, ಭಾರವಿಗಳ ಕೀರ್ತಿಯನ್ನು ಪಡೆದವನು. ಇಷ್ಟೇ. ತಂದೆತಾಯಿಗಳ ಹೆಸರಿಲ್ಲ, ಊರಿನ ಹೆಸರಿಲ್ಲ, ಪದವಿಯ ಹೆಸರಿಲ್ಲ.

ಆದರೆ ಈ ಕೆಲವೇ ಮಾತುಗಳು ಸಂಸ್ಕೃತ ಸಾಹಿತ್ಯದ ಇತಿಹಾಸಕ್ಕೆ ಮಾಡಿದ ಉಪಕಾರ ಅಪಾರ. ಕಾಳಿದಾಸ ಭಾರವಿಗಳು ತಮ್ಮ ಕಾಲವನ್ನು ಎಲ್ಲಿಯೂ ಹೇಳಿಕೊಂಡವರಲ್ಲ. ಆ ಇಬ್ಬರು ಮಹಾಕವಿಗಳನ್ನೂ ಹೆಸರಿಸಿದ, ವರ್ಷ ನಮೂದಾಗಿರುವ ಪ್ರಾಚೀನ ಶಿಲಾಲೇಖ ಇದೇ ಆಗಿದೆ. ೬೩೪ರ ವೇಳೆಗೆ ಕರ್ನಾಟಕದ ನಡುನಾಡಿನಲ್ಲಿ ಅವರ ಕೀರ್ತಿಯು ಕವಿಗಳಿಗೆ ಅಳತೆಗೋಲಾಗಿತ್ತು ಎಂದ ಮೇಲೆ ಅವರು ಆ ಕಾಲಕ್ಕಿಂತ ಹಿಂದಿನವರೆಂಬುದು ನಿರ್ವಿವಾದ. ಕಾಳಿದಾಸನ ಕಾಲವನ್ನು ಚರ್ಚಿಸುವ ವಿದ್ವಾಂಸರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಒಂದು ಜಿನಾಲಯದ ಗೋಡೆಗೆ ಕೈಮುಗಿಯಬೇಕಾಗಿದೆ. ರವಿಕೀರ್ತಿಯ ಮಾತು ಹುಸಿಹೆಮ್ಮೆಯೂ ಅಲ್ಲ. ರಘುವಂಶ, ಕಿರಾತಾರ್ಜುನೀಯಗಳನ್ನು ಆತ ಚೆನ್ನಾಗಿ ಅರಗಿಸಿಕೊಂಡಿದ್ದನೆಂಬುದನ್ನು ಕೀಲ್‌ಹಾರ್ನರು ಪದ್ಯಪದ್ಯಗಳನ್ನು ಹೋಲಿಸಿ ತೋರಿಸಿದ್ದಾರೆ.

ಈ ಶಾಸನವನ್ನು ಸಾಮಾನ್ಯವಾಗಿ ‘ಪುಲಕೇಶಿಯ ಐಹೊಳೆ ಶಾಸನ’ ಎಂದು ಕರೆಯುವುದು ಪಾಠಪುಸ್ತಕಗಳಲ್ಲಿ ರೂಢಿಯಾಗಿದೆ. ಆ ಹೆಸರು ಅರ್ಧಸತ್ಯ ಮಾತ್ರ. ಅರಸನು ಬರೆಯಿಸಿದ ಶಾಸನ ಇದಲ್ಲ. ಜಿನನ ಸ್ತುತಿಯಿಂದ ಆರಂಭಿಸಿ, ಜಿನನ ಮನೆಯ ನಿರ್ಮಾಣವನ್ನು ಹೇಳಿ ಮುಗಿಸಿದ ಜೈನಕವಿಯೊಬ್ಬನ ರಚನೆ ಇದು. ನಡುವೆ ಇರುವ ದಿಗ್ವಿಜಯದ ಕಥನವು ಎಷ್ಟೇ ದೀರ್ಘವಾಗಿದ್ದರೂ ಆ ಕಥನಕ್ಕೆ ನಿಮಿತ್ತವಾದುದು ಬಸದಿ. ಯಾವ ಅರಸನ ನೆರಳಿನಲ್ಲಿ ಈ ಮನೆ ಎದ್ದಿತೋ ಆತನನ್ನು ಕೃತಜ್ಞತೆಯಿಂದ ನೆನೆದುದು ರವಿಕೀರ್ತಿಯ ಸಜ್ಜನಿಕೆ. ಅರಸನ ಕಥೆ ಉಳಿದುದು ಆ ಮನೆ ಉಳಿದುದರಿಂದ.

ಚಾಲುಕ್ಯರ ಲಾಂಛನ ವರಾಹ. ಅವರ ತಾಮ್ರಶಾಸನಗಳು ವಿಷ್ಣುವಿನ ವರಾಹರೂಪದ ಸ್ತುತಿಯಿಂದ ಮೊದಲಾಗುವುದು ವಾಡಿಕೆ. ಅಂತಹ ರಾಜವಂಶದ ಅತ್ಯುತ್ತಮ ಪ್ರಶಸ್ತಿಯು ಜಿನಾಲಯದ ಗೋಡೆಯ ಮೇಲೆ, ಜಿನೇಂದ್ರನ ಹೆಸರಿನ ಕೆಳಗೆ ಬರೆಯಲ್ಪಟ್ಟಿತು. ಅರಸನಿಗೆ ಅದು ಕೊರತೆಯೆನಿಸಲಿಲ್ಲ, ಕವಿಗೆ ಅಂಜಿಕೆಯೆನಿಸಲಿಲ್ಲ. ಅಂದಿನ ಕನ್ನಡನಾಡಿನ ಧರ್ಮಸಮನ್ವಯಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮನೆಯ ಒಡೆಯನಾರು?

ರವಿಕೀರ್ತಿಯು ಈ ಕಟ್ಟಡವನ್ನು ಕರೆದಿರುವ ಶಬ್ದಗಳು ಗಮನಾರ್ಹವಾಗಿವೆ. ಒಂದು ಕಡೆ ‘ವೇಶ್ಮ’, ಇನ್ನೊಂದು ಕಡೆ ‘ಭವನ’, ಮತ್ತೊಂದು ಕಡೆ ‘ವಸತಿ’. ಮೂರೂ ಶಬ್ದಗಳ ಅರ್ಥ ಮನೆ ಎಂದೇ. ದೇವಾಲಯ, ಪ್ರಾಸಾದ ಮೊದಲಾದ ದೊಡ್ಡ ಮಾತುಗಳು ಕೈಯಳತೆಯಲ್ಲಿದ್ದರೂ ಕವಿಯು ಮನೆಯೆಂಬ ಭಾವವನ್ನೇ ಮತ್ತೆ ಮತ್ತೆ ಹಿಡಿದಿದ್ದಾನೆ. ಇಂದು ‘ಬಸದಿ’ ಎಂದು ಕರೆಯುವಾಗ ಜನರು ತಿಳಿಯದೆಯೇ ರವಿಕೀರ್ತಿಯ ಶಬ್ದವನ್ನು ಉಚ್ಚರಿಸುತ್ತಿರುತ್ತಾರೆ.

ಈ ಮನೆಯ ಒಡೆಯನು ಯಾರು ಎಂದು ಕೇಳಿದರೆ, ಕಟ್ಟಿಸಿದವನೇ ಒಡೆಯನೆಂಬುದು ಲೋಕದ ಉತ್ತರ. ರವಿಕೀರ್ತಿಯ ಉತ್ತರ ಬೇರೆ. ಮನೆಯು ಮೂರು ಲೋಕಗಳಿಗೆ ಗುರುವಾದ ಜಿನನದು. ತಾನು ಅದರ ಕಾರಯಿತೃ, ಎಂದರೆ ಮಾಡಿಸಿದವನು ಮಾತ್ರ. ಕಾವ್ಯಕ್ಕೆ ತಾನು ಕರ್ತೃ, ಮನೆಗೆ ಕಾರಯಿತೃ ಎಂದು ಎರಡನ್ನೂ ಬೇರ್ಪಡಿಸಿ ಹೇಳಿದ ಸೂಕ್ಷ್ಮತೆಯು ಮನನೀಯವಾದುದು. ಇನ್ನು ಜಿನನಾದರೋ ಎಲ್ಲ ಒಡೆತನವನ್ನೂ ತೊರೆದವನು. ಕಟ್ಟಿಸಿದವನು ತನ್ನದೆನ್ನುವುದಿಲ್ಲ, ಯಾರಿಗಾಗಿ ಕಟ್ಟಿಸಿದನೋ ಆ ಪರಮಾತ್ಮನಿಗೆ ತನ್ನದೆಂಬುದೇ ಇಲ್ಲ. ಹೀಗೆ ಒಡೆಯನಿಲ್ಲದ ಮನೆಯನ್ನು ಕಟ್ಟುವುದೇ ಶ್ರಾವಕನ ದಾನಧರ್ಮದ ಸಾರ. ಅಪರಿಗ್ರಹವ್ರತವನ್ನು ಗ್ರಂಥದಲ್ಲಿ ಓದಿ ತಿಳಿಯುವುದು ಒಂದು ಬಗೆಯಾದರೆ, ಅದನ್ನು ಕಲ್ಲಿನಲ್ಲಿ ಕಟ್ಟಿ ತೋರಿಸಿದುದು ರವಿಕೀರ್ತಿಯ ಬಗೆ.

ಮನೆ ನಿಲ್ಲಲು ಗೋಡೆ ಮಾತ್ರ ಸಾಲದು, ದೀಪಕ್ಕೆ ಎಣ್ಣೆಯೂ ಮುನಿಗಳಿಗೆ ಆಹಾರವೂ ಬೇಕು ಎಂಬುದು ಅಂದಿನವರಿಗೆ ತಿಳಿದಿತ್ತು. ಶಾಸನದ ಕೊನೆಯಲ್ಲಿ, ಮುಖ್ಯಪಾಠದ ಅನಂತರ ಸೇರಿಸಿದ ಸಾಲಿನಲ್ಲಿ, ಬಸದಿಯ ಭುಕ್ತಿಗೆ ಸೇರಿದ ಗ್ರಾಮಗಳ ಹೆಸರುಗಳಿವೆ. ಮೂಲವಳ್ಳಿ, ಗಂಗವೂರು, ಪುಲಿಗೆರೆ ಮುಂತಾದುವು ಅವುಗಳಲ್ಲಿ ಸೇರಿವೆ. ಕಾವ್ಯದ ಔನ್ನತ್ಯದ ಕೆಳಗೆ ಈ ಸರಳವಾದ ಲೆಕ್ಕದ ಸಾಲು ಬಂದಿರುವುದು ಅಂದಿನ ಸಮಾಜದ ವ್ಯವಹಾರಜ್ಞಾನವನ್ನು ತೋರಿಸುತ್ತದೆ.

ರಾಜಧಾನಿ ಬಿದ್ದಿತು, ಬಸದಿ ನಿಂತಿತು

ಶಾಸನವು ಕೆತ್ತಲ್ಪಟ್ಟಾಗ ಪುಲಕೇಶಿಯ ಪ್ರತಾಪ ನಡುಹಗಲಿನ ಸೂರ್ಯನಂತಿತ್ತು. ದಿಕ್ಕುಗಳನ್ನೆಲ್ಲ ಗೆದ್ದು ವಾತಾಪಿಗೆ ಮರಳಿ ಸಮುದ್ರವಲಯಿತವಾದ ಭೂಮಿಯನ್ನು ಒಂದು ನಗರವನ್ನೋ ಎಂಬಂತೆ ಆಳುತ್ತಿದ್ದಾನೆಂದು ಕವಿಯು ವರ್ಣಿಸಿದ್ದಾನೆ. ಅಲ್ಲಿಂದ ಎಂಟು ವರ್ಷಗಳು ಕಳೆಯುವಷ್ಟರಲ್ಲಿ, ಸುಮಾರು ೬೪೨ರಲ್ಲಿ, ಕಾಂಚಿಯ ಕೋಟೆಯ ಹಿಂದೆ ಅಡಗಿದ್ದನೆಂದು ಹೇಳಲಾದ ಪಲ್ಲವನ ಮಗ ಒಂದನೆಯ ನರಸಿಂಹವರ್ಮನು ಏರಿಬಂದು ವಾತಾಪಿಯನ್ನು ಹಿಡಿದನು. ಆತನಿಗೆ ‘ವಾತಾಪಿಕೊಂಡ’ ಎಂಬ ಬಿರುದಾಯಿತು. ಬಾದಾಮಿಯ ಬಂಡೆಯ ಮೇಲೆ ಪಲ್ಲವನ ಶಾಸನ ಇಂದಿಗೂ ಇದೆ. ಆ ಆಕ್ರಮಣದೊಂದಿಗೆ ಪುಲಕೇಶಿಯ ಆಳಿಕೆ ಕೊನೆಗೊಂಡಿತು. ಮಗನಾದ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮತ್ತೆ ಕಟ್ಟಲು ಹನ್ನೆರಡು ಹದಿಮೂರು ವರ್ಷಗಳೇ ಬೇಕಾದುವು.

ದಿಗ್ವಿಜಯಗಳ ಫಲವೆಲ್ಲ ಹೀಗೆ ಒಂದು ತಲೆಮಾರಿನಲ್ಲಿಯೇ ಕದಡಿಹೋಯಿತು. ಅಂದು ಅರಸನು ಕುಳಿತ ಸಿಂಹಾಸನವಿಲ್ಲ, ಅರಮನೆಯಿಲ್ಲ, ಗೆದ್ದು ತಂದ ಆನೆ ಕುದುರೆ ಭಂಡಾರಗಳಿಲ್ಲ. ಚಾಲುಕ್ಯರೂ ಹೋದರು, ರಾಷ್ಟ್ರಕೂಟರೂ ಹೋದರು, ಕಲ್ಯಾಣದ ಚಾಲುಕ್ಯರೂ ಹೋದರು. ಆದರೆ ಬೆಟ್ಟದ ಮೇಲಿನ ಆ ಕಲ್ಲಿನ ಮನೆ ನಿಂತಿದೆ. ಅದರ ಪೂರ್ವದ ಗೋಡೆಯ ಮೇಲೆ ಅಕ್ಷರಗಳು ನಿಂತಿವೆ. ಸಂಸಾರದ ಅನಿತ್ಯತೆಯನ್ನು ಸಾರುವ ಧರ್ಮದ ಮಂದಿರವೇ ಆ ಅನಿತ್ಯವಾದ ವೈಭವದ ನೆನಪನ್ನು ಕಾಪಾಡಿಕೊಂಡು ಬಂದಿರುವುದು ಇತಿಹಾಸದ ಸೋಜಿಗಗಳಲ್ಲೊಂದು.

ಇಂದಿನವರ ಕರ್ತವ್ಯ

ಮೇಗುಟಿಯಲ್ಲಿ ಈಗ ನಿತ್ಯಪೂಜೆಯಿಲ್ಲ. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ದುರ್ಗಗುಡಿ, ಲಾಡಖಾನ ಗುಡಿಗಳನ್ನು ನೋಡಿ ಹಿಂದಿರುಗುವ ಪ್ರವಾಸಿಗರಲ್ಲಿ ಬೆಟ್ಟದ ಮೆಟ್ಟಿಲುಗಳನ್ನು ಏರುವವರು ಕೆಲವರೇ. ಶ್ರವಣಬೆಳಗೊಳ, ಮೂಡಬಿದಿರೆ, ಕಾರ್ಕಳಗಳಿಗೆ ಯಾತ್ರೆ ಹೋಗುವ ಶ್ರಾವಕ ಕುಟುಂಬಗಳು ಐಹೊಳೆಯನ್ನೂ ಯಾತ್ರಾಮಾರ್ಗದಲ್ಲಿ ಸೇರಿಸಿಕೊಂಡರೆ ಮೇಗುಟಿ, ಅದರ ಕೆಳಗಿನ ಗುಹಾಲಯ, ಊರೊಳಗಿನ ಚರಂತಿಮಠದ ಬಸದಿಗಳು, ಅಲ್ಲಿಂದ ಮುಂದೆ ಬಾದಾಮಿಯ ನಾಲ್ಕನೆಯ ಗುಹೆ, ಪಟ್ಟದಕಲ್ಲಿನ ಜಿನಾಲಯ ಇವೆಲ್ಲವನ್ನೂ ಒಂದೇ ಪ್ರವಾಸದಲ್ಲಿ ದರ್ಶಿಸಬಹುದಾಗಿದೆ. ಮಕ್ಕಳಿಗೆ ಪಾಠಪುಸ್ತಕದ ಪುಲಕೇಶಿಯನ್ನು ತೋರಿಸುವ ನೆಪದಲ್ಲಿ ರವಿಕೀರ್ತಿಯನ್ನೂ ಪರಿಚಯಿಸಬಹುದು.

ಹೊಸ ಬಸದಿಗಳನ್ನು ನಿರ್ಮಿಸುವವರಿಗೆ, ಹಳೆಯವನ್ನು ಜೀರ್ಣೋದ್ಧಾರ ಮಾಡಿಸುವವರಿಗೆ ಮೇಗುಟಿಯು ಕೆಲವು ಪಾಠಗಳನ್ನು ಹೇಳುತ್ತದೆ. ಒಂದು, ಬರೆದಿಡಬೇಕು. ಕಟ್ಟಿದ ವರ್ಷ, ಆಶ್ರಯವಿತ್ತವರು, ಬಸದಿಯ ಆದಾಯಮೂಲ ಇವನ್ನು ಸ್ಪಷ್ಟವಾಗಿ ಕಲ್ಲಿನಲ್ಲಿ ಕೆತ್ತಿಸಿಡಬೇಕು. ಕೆಲಸ ಮಾಡಿದ ಶಿಲ್ಪಿಗಳ ಹೆಸರುಗಳನ್ನೂ ಸೇರಿಸಿದರೆ ರವಿಕೀರ್ತಿಯು ಬಿಟ್ಟ ಕೊರತೆಯನ್ನು ಇಂದಿನವರು ತುಂಬಿದಂತಾಗುತ್ತದೆ. ಎರಡು, ಹಳೆಯ ಕಲ್ಲನ್ನು ಕೆಡಿಸಬಾರದು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಶಾಸನದ ಮೇಲೆ ಸುಣ್ಣ ಬಳಿಯುವುದು, ಸಿಮೆಂಟು ಮೆತ್ತುವುದು, ಅಕ್ಷರಗಳಿರುವ ಚಪ್ಪಡಿಯನ್ನು ಮೆಟ್ಟಿಲಿಗೆ ಹಾಸುವುದು ನಡೆಯಬಾರದು. ಐಹೊಳೆಯ ಆ ಒಂದು ಗೋಡೆಗೆ ಯಾವನಾದರೂ ಸದ್ಭಕ್ತನು ಗಾರೆ ಮೆತ್ತಿಸಿದ್ದರೆ ಭಾರತದ ಇತಿಹಾಸದ ಒಂದು ಅಧ್ಯಾಯವೇ ಮುಚ್ಚಿಹೋಗುತ್ತಿತ್ತು ಎಂಬುದನ್ನು ನೆನೆಯಬೇಕು. ಮೂರು, ಪ್ರತಿಷ್ಠೆಯ ದಿನದ ಸಂಭ್ರಮದೊಡನೆ ಮರುದಿನದ ದೀಪದ ಚಿಂತೆಯೂ ಇರಬೇಕು. ಭುಕ್ತಿಗೆ ಗ್ರಾಮಗಳನ್ನು ಬರೆದುಕೊಟ್ಟವರು ಅದನ್ನು ಅರಿತಿದ್ದರು.

ರವಿಕೀರ್ತಿಯ ಮನೆಯ ಕೋಷ್ಠಗಳು ಬರಿದಾಗಿಯೇ ಉಳಿದುವು, ಕೆತ್ತನೆ ಅರ್ಧಕ್ಕೆ ನಿಂತಿತು, ಬಿಂಬ ಭಗ್ನವಾಯಿತು. ಆದರೂ ಆ ಮನೆ ವ್ಯರ್ಥವಾಗಲಿಲ್ಲ. ಅಲ್ಲಿ ಪೂಜೆಗೊಂಡ ಜಿನಧರ್ಮ ಕನ್ನಡನಾಡಿನಲ್ಲಿ ಇಂದಿಗೂ ಜೀವಂತವಾಗಿದೆ. ಅ‌ಲ್ಲಿ ಬರೆದ ‘ವಸತಿ’ ಎಂಬ ಶಬ್ದ ಬಸದಿಯಾಗಿ ಜನರ ನಾಲಗೆಯ ಮೇಲಿದೆ. ಒಂದೊಂದು ಊರಿನಲ್ಲಿ ಹೊಸ ಬಸದಿಯ ಗರ್ಭಗೃಹದಲ್ಲಿ ಬಿಂಬ ಪ್ರತಿಷ್ಠಿತವಾದಾಗಲೂ, ಕ್ರಿ.ಶ. ೬೩೪ರಲ್ಲಿ ಮೇಗುಟಿಯ ಬೆಟ್ಟದ ಮೇಲೆ ಮೊದಲಾದ ಕೆಲಸವೇ ಇನ್ನೊಂದು ಹೆಜ್ಜೆ ಮುಂದುವರಿಯುತ್ತದೆ.